ಅರಸೀಕೆರೆ ಸ್ಟೇಷನ್ನಿಗೆ ಬಂದವನು

ಬೇರೆ ಲೋಕಗಳಲ್ಲಿ ಬುದ್ಧಿಯುಳ್ಳ ಜೀವಿಗಳಿದ್ದಾರೆಯೇ, ಇದ್ದರೆ ಅವರ ಗುರುತು ನಮಗೆ ಹತ್ತುತ್ತದೆಯೇ ಎಂಬ ಪ್ರಶ್ನೆಯನ್ನು ನಮ್ಮ ಅರಸೀಕೆರೆಯ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಒಂದು ಬೆಳಿಗ್ಗೆ ನಾನೇ ಬಗೆಹರಿಸಿಬಿಟ್ಟಿದ್ದೆ. ಹರಪನಹಳ್ಳಿ ಸೀಮೆಯ ಶಾಲೆಗಳಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ನಾನು. ಗೊತ್ತಿಲ್ಲ ಎನ್ನುವ ಅಭ್ಯಾಸ ತಪ್ಪಿಹೋಗಿದೆ.

"ಅವರ ಭಾಷಿ ನಮಗ ಬರಂಗಿಲ್ಲ, ಖರೆ," ಅಂದೆ. "ಆದ್ರ ಬುದ್ಧಿ ಇದ್ದವರಿಗೆ ಬುದ್ಧಿ ಇದ್ದವರ ಗುರುತು ಸಿಗದ ಇರತೈತೇನು?"

ಮಿರ್ಚಿ ಕರಿಯುತ್ತಿದ್ದ ಹೋಟೆಲಿನ ಅಕ್ಕ, "ಅವರು ಏನು ತಿಂತಾರ್ರೀ ಮೇಷ್ಟ್ರೆ?" ಎಂದಳು. ಯಾವ ಲೋಕದವರಾದರೂ ಆಕೆಗೆ ಗಿರಾಕಿಗಳೇ.

ಪಕ್ಕದ ಗ್ಯಾರೇಜಿನ ಸಾಬರು ಚಹಾ ಊದುತ್ತ, "ಗಾಡಿ ಕೆಟ್ರ ನನ್ನ ಕಡೆ ತರಬ್ಯಾಡ್ರಿ ಅಂತ ಹೇಳ್ರಿ. ಪಾರ್ಟ್ ಸಿಗಂಗಿಲ್ಲ," ಎಂದರು.

ಅಷ್ಟರಲ್ಲಿ ಹರಪನಹಳ್ಳಿ ಬಸ್ಸು ಬಂತು. ಇಳಿದ ಒಬ್ಬ ಯುವಕ ಸುತ್ತ ನೋಡಿ, ಕನ್ನಡಕ, ಪೇಪರು, ಜೇಬಿನ ಪೆನ್ನು ಎಲ್ಲವೂ ಇದ್ದ ನನ್ನನ್ನೇ ಆರಿಸಿಕೊಂಡು ಚೀಟಿ ಚಾಚಿದ. ಕಿವಿ, ಬಾಯಿ ಮುಟ್ಟಿ ಎರಡೂ ಇಲ್ಲವೆಂದು ಕೈಯಾಡಿಸಿದ. ಚೀಟಿಯಲ್ಲಿ "ಅರಸೀಕೆರೆ ಸ್ಟೇಷನ್" ಎಂದಿತ್ತು.

ಅವನು ಸೇರಬೇಕಾದದ್ದು ಹಾಸನದ ಕಡೆಯ ಅರಸೀಕೆರೆಯ ರೈಲ್ವೆ ಸ್ಟೇಷನ್ನು. ಅಲ್ಲಿ ಹೆಂಡತಿ ಕಾಯುತ್ತಿದ್ದಳು. ಸಂಜೆ ಐದರ ರೈಲು ತಪ್ಪಿದರೆ ಮರುದಿನ ಇಬ್ಬರೂ ಸೇರಬೇಕಿದ್ದ ಹೊಸ ಕೆಲಸವೂ ತಪ್ಪುತ್ತಿತ್ತು. ಮಾಗಳದ ಗೆಳೆಯನ ಮದುವೆ ಮುಗಿಸಿ ಬರುವಾಗ, ಚೀಟಿ ನೋಡಿದ ಯಾರೋ ಪುಣ್ಯಾತ್ಮರು ನಮ್ಮೂರ ಬಸ್ಸು ಹತ್ತಿಸಿದ್ದರು. ಇದೆಲ್ಲ ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಅಂದು ನಮಗೆ ಇದು ತಿಳಿಯಲು ಅರ್ಧ ಗಂಟೆ ಹಿಡಿಯಿತು.

ಹೆಸರು ಒಂದೇ ಆದರೂ ಹರಪನಹಳ್ಳಿ ಸೀಮೆಯ ನಮ್ಮೂರಿಗೆ ರೈಲಿಲ್ಲ. ಇಲ್ಲಿ ಸ್ಟೇಷನ್ ಎಂದರೆ ಪೊಲೀಸ್ ಸ್ಟೇಷನ್ ಒಂದೇ. ದಾರಿ ತೋರಿಸಿದೆ. ಹೋದವನು ಬೋರ್ಡು ನೋಡಿ ತಲೆಯಾಡಿಸುತ್ತ ವಾಪಸು ಬಂದ.

"ಏನು ಕೇಸೋ ಏನೋ ಪಾಪ," ಎಂದಳು ಅಕ್ಕ. "ಸಾಕ್ಷಿ ಗೀಕ್ಷಿ ಅಂದ್ರ ನನ್ನ ಹೆಸರು ಹೇಳಬ್ಯಾಡ್ರಿ ಮತ್ತ."

ಅವನು ಮುಷ್ಟಿ ಕಟ್ಟಿ ಎರಡೂ ಕೈ ಹಿಂದೆ ಮುಂದೆ ಆಡಿಸಿದ. ಯಾರೋ ಗುದ್ದಿದ್ದಾರೆ ಎಂದೆ ನಾನು. ಗಿರಣಿ ಕೇಳುತ್ತಿದ್ದಾನೆ ಎಂದಳು ಅಕ್ಕ. ಕೊರಳ ಹತ್ತಿರ ತಾಳಿಯ ಗೆರೆ ಎಳೆದು, ಐದು ಬೆರಳು ತೋರಿಸಿದ.

"ಗೊತ್ತಾತು! ಹೆಂಡ್ತಿ ಓಡಿಹೋಗ್ಯಾಳ. ಐದು ದಿನಾತು. ಕಂಪ್ಲೇಂಟ್ ಕೊಡಾಕ ಬಂದಾನ!" ಎಂದೆ. ಅವನಿಗೂ ತಿಳಿಯಲೆಂದು ಗಟ್ಟಿಯಾಗಿಯೇ ಕೂಗಿದೆ. ತಿಳಿಯಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಕೂಗಿದೆ.

ಅವನು ನನ್ನ ಜೇಬಿನತ್ತ ಕೈ ಚಾಚಿದ. ನಾನು ಜೇಬು ಮುಚ್ಚಿಕೊಂಡು ಹಿಂದೆ ಸರಿದೆ. ಅವನ ಕಣ್ಣಲ್ಲಿ ನೀರು ತುಂಬಿತು.

ಸಾಬರು ಎದ್ದು ಬಂದರು. ಅವನು ಬೆಂಚಿನ ಮೇಲಿಟ್ಟಿದ್ದ ಸತ್ತ ಮೊಬೈಲನ್ನು ಮೆಲ್ಲಗೆ ತೆಗೆದುಕೊಂಡು ಗ್ಯಾರೇಜಿನಲ್ಲಿ ಚಾರ್ಜಿಗೆ ಹಾಕಿದರು. ಅದಕ್ಕೆ ಜೀವ ಬಂದದ್ದೇ ತಡ, ವಿಡಿಯೋ ಕಾಲು ಬಂತು. ತೆರೆಯ ಮೇಲೊಬ್ಬ ಹೆಣ್ಣುಮಗಳು. ಹುಬ್ಬು, ಬೆರಳು, ಭುಜ, ಎಲ್ಲವೂ ಒಟ್ಟಿಗೆ ಹಾರಾಡತೊಡಗಿದವು. ಅವನು ನಡುವೆ ಕೈಯೆತ್ತಲು ನೋಡಿದ, ಆಕೆ ಬಿಡಲಿಲ್ಲ.

"ಹೆಂಡ್ತಿನ ಇದು!" ಅಕ್ಕ ಸೌಟು ಹಿಡಿದೇ ಓಡಿಬಂದಳು. "ಬೈಯೋದು ನೋಡ್ರಿ ಹೆಂಗ ಐತಿ! ನಿಮ್ಮನಿಯಾಕಿನ್ನ ನೋಡಿದಂಗ ಆತು ಮೇಷ್ಟ್ರೆ."

ಆಕೆಯ ಬೆನ್ನ ಹಿಂದೆ ರೈಲಿನ ಡಬ್ಬಿಗಳು ಸಾಲಾಗಿ ನಿಂತಿದ್ದವು. ಸಾಬರು ಮುಷ್ಟಿ ಕಟ್ಟಿ ಕೈಯನ್ನು ಹಿಂದೆ ಮುಂದೆ ಆಡಿಸಿ ನೋಡಿಕೊಂಡರು. "ಗುದ್ದಿದ್ದಲ್ರೀ! ಎಂಜಿನ್ನು! ಆ ಕಡೆ ಅರಸೀಕೆರಿಗೆ ಹೋಗಬೇಕಾದಂವ ಇವ!"

ನಾವು ಮೂವರು ಇಣುಕುವುದನ್ನು ಕಂಡ ಆಕೆ ಹಾಳೆಯ ಮೇಲೆ ಬರೆದು ಹಿಡಿದಳು: "ಐದಕ್ಕೆ ರೈಲು. ನಾಳೆ ಇಬ್ಬರೂ ಕೆಲಸಕ್ಕೆ ಸೇರಬೇಕು. ದಯಮಾಡಿ ಕಳಿಸಿಕೊಡಿ." ಅವನು ಕೇಳಿದ್ದು ಪೆನ್ನು ಎಂಬುದು ನನಗೆ ಹೊಳೆದದ್ದು ಆಗ. ಮಕ್ಕಳ ತಪ್ಪು ತಿದ್ದಲೆಂದೇ ಇಷ್ಟು ವರ್ಷ ಅದನ್ನು ಜೇಬಿನಲ್ಲಿಟ್ಟುಕೊಂಡವನು ನಾನು.

"ನಿಮ್ಮ ಬುದ್ಧಿ ಇದ್ದವರು ಯಾವಾಗ ಬರ್ತಾರ್ರೀ?" ಎಂದು ಅಕ್ಕ ಕೇಳಿದಳು. ನಾನು ಕೇಳಿಸದವನಂತೆ ಪೇಪರು ಮಡಚಿದೆ.

ಸಾಬರು ಗ್ಯಾರೇಜಿಗೆ ಬಾಗಿಲು ಹಾಕಿ, ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ದೊಡ್ಡ ರಸ್ತೆಯವರೆಗೆ ಹೋಗಿ ದಾವಣಗೆರೆ ಬಸ್ಸು ಹತ್ತಿಸಿ ಬಂದರು. ಮುಂದಿನ ದಾರಿಯನ್ನು ಚೀಟಿಯ ಹಿಂದೆ ನಾನೇ ಬರೆದುಕೊಟ್ಟಿದ್ದೆ, ರೈಲ್ವೆ ಎಂಬ ಮಾತಿಗೆ ಎರಡು ಗೆರೆ ಎಳೆದು, ಕೆಳಗೆ ಸಾಬರ ಮೊಬೈಲ್ ನಂಬರನ್ನೂ ಹಾಕಿ.

ಸಂಜೆ ಐದೂವರೆಗೆ ಸಾಬರ ಮೊಬೈಲಿಗೆ ಕಾಲು ಬಂತು. ರೈಲಿನ ಕಿಟಕಿಯ ಪಕ್ಕ ಗಂಡ, ಹೆಂಡತಿ ಒತ್ತಿಕೊಂಡು ಕೂತಿದ್ದರು. ಸಾಬರು ಮುಷ್ಟಿ ಕಟ್ಟಿ ಕೈಯಲ್ಲೇ ಎಂಜಿನ್ ಓಡಿಸಿ ತೋರಿಸಿದರು. ನನ್ನ ಸರದಿ ಬಂದಾಗ ಏನು ಹೇಳಬೇಕೋ ತೋಚದೆ, "ಊಟಾ ಆತೇನ್ರಿ?" ಎಂದು ಕಿರುಚಿಬಿಟ್ಟೆ.

"ಕಿವಿ ಕೇಳದವರಿಗೆ ಯಾಕ ಹಂಗ ಬಾಯಿ ಮಾಡ್ತೀರಿ!" ಎಂದು ಅಕ್ಕ ಗದರಿದಳು.

ಕೂಗುವಾಗ ನನ್ನ ಐದೂ ಬೆರಳು ತಾವಾಗಿಯೇ ಬಾಯಿಯ ಬಳಿ ಹೋಗಿದ್ದವು. ಆಕೆ ನಕ್ಕು, ಇನ್ನೂ ಇಲ್ಲ ಎಂದು ತಲೆಯಾಡಿಸಿ, ಬುತ್ತಿಯ ಗಂಟು ಎತ್ತಿ ತೋರಿಸಿದಳು. ಆಮೇಲೆ ತನ್ನ ಬೆರಳು ಬಾಯಿಗೆ ಒಯ್ದು ನಮ್ಮನ್ನೂ ಅದನ್ನೇ ಕೇಳಿದಳು.