ಅಡಿಗೆಕೋಣೆಯ ಗೋಡೆ, ಮೇಸ್ತ್ರಿಯ ಅಂಗಿ

ಸುಳ್ಯದ ಬಸ್ಸು ನಿಲ್ದಾಣದ ಎದುರು ನನ್ನ ಹೊಲಿಗೆ ಅಂಗಡಿ ಇದ್ದಾಗ, ಊರಿನಲ್ಲಿ ನನ್ನಿಂದ ಮಂಗ ಆಗದವರು ಯಾರೂ ಉಳಿದಿರಲಿಲ್ಲ. ಪ್ಯಾಂಟಿನ ಕಿಸೆಯ ಬಾಯನ್ನು ಹೊಲಿದು ಕೊಟ್ಟು, ಗಿರಾಕಿ ಬಸ್ಸಿನ ಬಾಗಿಲಲ್ಲಿ ನಿಂತು ಚಿಲ್ಲರೆಗೆ ತಡಕಾಡುವುದನ್ನು ಅಂಗಡಿಯಲ್ಲೇ ಕುಳಿತು ನೋಡುವುದು ನನಗೆ ಬೆಳಗಿನ ಕಾಫಿಗಿಂತ ರುಚಿ. ಅಂಥ ನನ್ನನ್ನು ಒಂದು ಇಡೀ ಬೇಸಿಗೆ ಕುಣಿಸಿದವನು ಒಬ್ಬನೇ. ಅಜ್ಜಾವರದಲ್ಲಿ ನನ್ನ ಮನೆ ಕಟ್ಟಿದ, ಕಲ್ಲುಗುಂಡಿಯ ಮೇಸ್ತ್ರಿ.

ಎಪ್ಪತ್ತರ ದಶಕದ ಕೊನೆ. ಸಿಮೆಂಟು ಬೇಕಾದರೆ ಪರ್ಮಿಟ್ಟು ಹಿಡಿದುಕೊಂಡು ಪುತ್ತೂರಿಗೆ ಅಲೆಯಬೇಕಿತ್ತು. ನಾವು ಬಾಡಿಗೆಗೆ ಇದ್ದ ಮನೆಯ ಯಜಮಾನರು ಬ್ಯಾರಿ ವ್ಯಾಪಾರಿ, ಒಳ್ಳೆಯ ಮನುಷ್ಯ. ಗಲ್ಫಿನಿಂದ ಮಗ ಸಂಸಾರ ಸಮೇತ ಬರುತ್ತಾನೆ, ಮಳೆಗಾಲಕ್ಕೆ ಮೊದಲು ಮನೆ ಬಿಟ್ಟುಕೊಟ್ಟರೆ ಉಪಕಾರ ಎಂದು ಕೇಳಿದ್ದರು. ನಾನು ಎದೆ ತಟ್ಟಿ ಒಪ್ಪಿಕೊಂಡಿದ್ದೆ. ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಹಂಚು ಹಾಕಿ ಆಗಬೇಕು, ಅದು ಕಳೆದರೆ ಮಳೆ ಯಾವ ಮಧ್ಯಾಹ್ನ ಬೇಕಾದರೂ ಸುರಿದೀತು. ಅಷ್ಟರೊಳಗೆ ಮನೆ ಆಗದಿದ್ದರೆ ನಾನು, ಹೆಂಡತಿ, ಹೊಲಿಗೆ ಯಂತ್ರ ಮೂರೂ ರಸ್ತೆಗೆ.

ಮೇಸ್ತ್ರಿಗೆ ಹಣ ಕೊಡುವುದಕ್ಕೆ ನಮ್ಮ ಕಡೆ ಒಂದು ಕ್ರಮ ಉಂಟು. ಕೆಲಸ ಎಷ್ಟಾಯಿತು, ಹೇಗಾಯಿತು ಎಂದು ನೋಡಿ ಕೊಡುವುದಲ್ಲ, ಶುಭದಿನ ನೋಡಿ ಕೊಡುವುದು. ಕಲ್ಲು ಹಾಕಿದ ದಿನ ಒಂದು ಕಂತು, ಮುಖ್ಯ ಬಾಗಿಲಿನ ದಾರಂದ ಇಟ್ಟ ದಿನ ಒಂದು, ಮನೆಯ ಮಾಡಿಗೆ, ಹಂಚು ಹೊರುವ ಪಕ್ಕಾಸಿನ ಮರ ಏರಿಸಿದ ದಿನ ಒಂದು, ಮನೆ ಒಕ್ಕಲಿನ ದಿನ ಉಳಿದದ್ದು. ತಟ್ಟೆಯಲ್ಲಿ ವೀಳ್ಯ, ಅದರ ಮೇಲೆ ಕಂತು, ಸುತ್ತ ನೆಂಟರು, ಪಕ್ಕದಲ್ಲಿ ಭಟ್ಟರು. ಅಂಥ ಹೊತ್ತಿನಲ್ಲಿ ಯಾರಾದರೂ ಬಾಯಿ ತೆರೆದು, ಇಲ್ಲಿ ಕಲ್ಲು ಎದ್ದಿದೆ, ಅಲ್ಲಿ ಸಂದು ಬಿಟ್ಟಿದೆ ಎಂದು ಹೇಳುತ್ತಾರೆಯೇ? ಮೇಸ್ತ್ರಿ ತಟ್ಟೆಗೆ ಕೈಮುಗಿದು ತೆಗೆದುಕೊಳ್ಳುತ್ತಿದ್ದ. ಮರುದಿನದಿಂದ ಕಲ್ಲುಗುಂಡಿಯಲ್ಲಿ ಅವನಿಗೆ ಜ್ವರ. ನಾನು ಸಂಪಾಜೆ ಕಡೆಯ ಬಸ್ಸು ಹತ್ತಿ ಹೋಗಿ ನೋಡಿದರೆ ಜ್ವರದವನು ಬೇರೆಯವರ ಮನೆಗೆ ಪಾಯ ತೋಡಿಸುತ್ತಾ ನಿಂತಿರುತ್ತಿದ್ದ.

ದಾರಂದದ ಕಂತು ಕಿಸೆಗೆ ಹೋದ ಮೇಲೆ ಎದ್ದದ್ದು ಅಡಿಗೆಕೋಣೆಯ ಪಡುಗೋಡೆ. ಮುರಕಲ್ಲು ಒಳ್ಳೆಯದೇ. ಕಟ್ಟಿದ ರೀತಿ ಮಾತ್ರ ಕುಡಿದವನು ಮನೆಗೆ ಹೊರಟ ಹಾಗೆ. ಕೆಳಗಿನಿಂದ ನೆಟ್ಟಗೆ ಹೊರಟು, ಕಿಟಕಿಯ ಎತ್ತರಕ್ಕೆ ಬಂದಾಗ ಮನೆಯ ಹಿಂದೆ ಹರಿಯುವ ತೋಡಿನ ಕಡೆಗೆ ವಾಲಿತ್ತು. ರಸ್ತೆಯ ಆಚೆ ಹೋಗುವವನ ಕಾಲರು ಅರ್ಧ ಬೆರಳು ತಿರುಗಿದರೂ ಹೇಳಬಲ್ಲ ಕಣ್ಣು ನನ್ನದು. ನನಗೆ ಗೋಡೆ ಕಾಣದೆ ಇರುತ್ತದೆಯೇ?

ನಿಜ ಹೇಳಬೇಕೆಂದರೆ ಮೊದಲು ಕಂಡದ್ದು ಹೆಂಡತಿಗೆ. ಅವಳು ಗೋಡೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಇದರ ಅಡಿಯಲ್ಲಿ ನಾನು ಒಲೆ ಹಚ್ಚುದಿಲ್ಲ. ಬೇಕಾದ್ರೆ ನೀವು ಹಚ್ಚಿ."

ಮೇಸ್ತ್ರಿಗೆ ಹೇಳಿದೆ. ಅವನು ತೂಕದ ಗುಂಡನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟ. ದಾರಕ್ಕೂ ಗೋಡೆಯ ಬುಡಕ್ಕೂ ನಡುವೆ ಬೆಕ್ಕು ನುಸುಳಿ ಹೋಗುವಷ್ಟು ಜಾಗ. ಗಾಳಿಗೆ ದಾರ ಆಡುತ್ತಿದೆ ಎಂದ. ಗಾಳಿ ಇಲ್ಲದ ಹೊತ್ತು ನೋಡಿ ನಾನೇ ನನ್ನ ದೊಡ್ಡ ಕತ್ತರಿಯನ್ನು ನೂಲಿಗೆ ಕಟ್ಟಿ ತೂಗಿಸಿ ತೋರಿಸಿದೆ. ಕತ್ತರಿಗೆ ಎರಡು ಕಾಲು, ಅದು ನೆಟ್ಟಗೆ ನಿಲ್ಲುವುದಿಲ್ಲ ಎಂದ. ಮತ್ತೆ ತಲೆಗೆ ಸುತ್ತಿದ ಬೈರಾಸು ಬಿಚ್ಚಿ ಮುಖ ಒರೆಸಿಕೊಂಡು, ಆ ಬೇಸಿಗೆಯಲ್ಲಿ ನಾನು ಕೇಳಿ ಕೇಳಿ ಹುಚ್ಚು ಹಿಡಿದಿದ್ದ ಮಾತನ್ನು ಇನ್ನೊಮ್ಮೆ ಹೇಳಿದ.

"ನೀವು ತಲೆಬಿಸಿ ಮಾಡ್ಬೇಡಿ ಮಾರಾಯ್ರೆ. ಗಾರೆ ಮಾಡುವಾಗ ಸರಿಯಾಗ್ತದೆ."

ಕಿಟಕಿ ಮುಚ್ಚದಿದ್ದರೆ ಗಾರೆ ಮಾಡುವಾಗ. ನೆಲ ಇಳಿಜಾರಾದರೆ ಗಾರೆ ಮಾಡುವಾಗ. ಇವನ ಗಾರೆಯಲ್ಲಿ ಏನು ಅಮೃತ ಕಲಸುತ್ತಾನೋ ಎಂದು ನಾನು ಹಲ್ಲು ಕಡಿದೆ. ಒಮ್ಮೆ ಪಕ್ಕಾಸು ಏರಿ ಆ ಗೋಡೆಯ ಮೇಲೆ ಕುಳಿತರೆ ಮತ್ತೆ ಅದನ್ನು ಬಿಚ್ಚುವ ಹಾಗಿಲ್ಲ. ಭಟ್ಟರು ದಿನ ಇಟ್ಟು ಆಗಿತ್ತು. ಆಗ ನನ್ನ ತಲೆಗೆ ಒಂದು ಯೋಚನೆ ಬಂತು. ಅದಕ್ಕೆ ಸಮನಾದದ್ದು ಆಮೇಲೆ ನನಗೂ ಹೊಳೆದಿಲ್ಲ.

ಪಕ್ಕಾಸಿನ ದಿನ ಮೇಸ್ತ್ರಿಗೆ ಹೊಸ ಬಟ್ಟೆ ಕೊಡುವುದು ಕ್ರಮ. ಅವನು ಅದನ್ನು ಹಾಕಿಕೊಂಡೇ ಮೇಲೆ ಹತ್ತಬೇಕು. ಪುತ್ತೂರಿನಿಂದ ಒಳ್ಳೆಯ ಬಿಳಿ ಟೆರಿಕಾಟ್ ತಂದೆ. ಅಳತೆ ತೆಗೆದದ್ದು ಮೇಸ್ತ್ರಿಯದ್ದಲ್ಲ, ಗೋಡೆಯದ್ದು. ಬಲ ಹೆಗಲು ಸರಿಯಾಗಿ, ಎಡ ಹೆಗಲು ಗೋಡೆ ಎಷ್ಟು ವಾಲಿತ್ತೋ ಅಷ್ಟೇ ಕೆಳಗೆ. ಗುಂಡಿಪಟ್ಟಿ ಹೊಟ್ಟೆಯ ತನಕ ನೇರ ಬಂದು ಅಲ್ಲಿಂದ ತೋಡಿನ ಕಡೆಗೆ. ಕೆಟ್ಟದಾಗಿ ಹೊಲಿಯುವುದು ಸುಲಭ ಅಂದುಕೊಳ್ಳಬೇಡಿ. ಅಷ್ಟು ಲೆಕ್ಕಾಚಾರದಲ್ಲಿ ಕೆಟ್ಟ ಅಂಗಿ ಹೊಲಿಯುವ ಟೈಲರು ಸುಳ್ಯದಿಂದ ಕಡಬದವರೆಗೆ ಇನ್ನೊಬ್ಬ ಇರಲಿಲ್ಲ.

ಆ ದಿನ ಮೇಸ್ತ್ರಿ ಅಂಗಿ ಹಾಕಿಕೊಂಡು ನೆಂಟರ ನಡುವೆ ಬಂದು ನಿಂತ. ಒಂದು ಕಡೆ ಎಳೆದ, ಇನ್ನೊಂದು ಕಡೆ ಎಳೆದ. ಹೆಗಲು ಜಾರಿತು, ಕಾಲರು ಕಿವಿಗೆ ತಾಗಿತು.

"ಎಂತ ಟೈಲರ್ರೆ ಇದು, ಒಂದು ಬದಿಗೆ ಹೋಗ್ತದಲ್ಲ?"

"ತಲೆಬಿಸಿ ಮಾಡ್ಬೇಡ ಮಾರಾಯ," ಎಂದೆ. "ಇಸ್ತ್ರಿ ಹಾಕುವಾಗ ಸರಿಯಾಗ್ತದೆ."

ಬಡಗಿ ಮೊದಲು ನಕ್ಕ. ಆಮೇಲೆ ನೆಂಟರೆಲ್ಲ ಗೋಡೆಯನ್ನೂ ಅಂಗಿಯನ್ನೂ ನೋಡಿ ನೋಡಿ ನಕ್ಕರು. ಭಟ್ಟರು ಮಂತ್ರದ ನಡುವೆ ಕೆಮ್ಮಿದರು. ನಾನು ತಟ್ಟೆಯಲ್ಲಿ ವೀಳ್ಯ ಮಾತ್ರ ಇಟ್ಟು, ಕಂತೂ ಇಸ್ತ್ರಿ ಆದ ಮೇಲೆಯೇ ಎಂದು ಹೇಳಿದೆ. ಮೇಸ್ತ್ರಿ ತಟ್ಟೆಯನ್ನು ಮುಟ್ಟಲಿಲ್ಲ. ಕೆಲಸದವರನ್ನು ಕರೆದುಕೊಂಡು, ಅದೇ ಅಂಗಿಯಲ್ಲಿ ಹೊರಟು ಹೋದ. ಪಕ್ಕಾಸು ನೆಲದಲ್ಲೇ ಉಳಿಯಿತು, ಗಳಿಗೆ ಮೀರಿತು, ನೆಂಟರು ಪಾಯಸ ಉಂಡು ಮನೆಗೆ ಹೋದರು.

ಗೆದ್ದೆ ಎಂದುಕೊಂಡೆ. ಮರುದಿನ ಅಂಗಡಿ ತೆರೆದು ನೋಡುತ್ತೇನೆ, ಎದುರು ಬಸ್ಸು ನಿಲ್ದಾಣದ ಕಟ್ಟೆಯಲ್ಲಿ ಮೇಸ್ತ್ರಿ ಕುಳಿತಿದ್ದಾನೆ. ಅಂಗಿ ಒಗೆದು ನೀಲಿ ಹಾಕಿ ಇಸ್ತ್ರಿ ಬೇರೆ ಮಾಡಿದ್ದ, ಮೊದಲಿಗಿಂತ ಚೆನ್ನಾಗಿ ಡೊಂಕು ಕಾಣುತ್ತಿತ್ತು. ಬಸ್ಸು ಇಳಿದವರು ಎಂತ ಅಂಗಿ ಇದು ಎಂದು ಕೇಳುತ್ತಿದ್ದರು. ಅವನು ಬೆರಳೆತ್ತಿ ನನ್ನ ಬೋರ್ಡು ತೋರಿಸುತ್ತಿದ್ದ, ಅಷ್ಟೇ. ಅದರ ಮರುದಿನವೂ ಬಂದ. ಮತ್ತೆಯೂ ಬಂದ. ಈಗ ಅವನಿಗೆ ಯಾವ ಜ್ವರವೂ ಇಲ್ಲ. ನನ್ನ ಮನೆಯ ಕೆಲಸಕ್ಕೆ ಒಂದು ದಿನವಾದರೂ ಹೀಗೆ ಹೊತ್ತಿಗೆ ಸರಿಯಾಗಿ ಬಂದಿದ್ದರೆ ಮನೆ ಯಾವಾಗಲೋ ಮುಗಿಯುತ್ತಿತ್ತು. ಕಡಬದಿಂದ ಮದುವೆಯ ಕೋಟು ಹೊಲಿಸಲು ಬಂದಿದ್ದ ಮದುಮಗ ಅಂಗಿ ನೋಡಿದ, ಬೋರ್ಡು ನೋಡಿದ, ತಂಗಿಯ ಹತ್ತಿರ ಬಣ್ಣ ಕೇಳಿ ಬರುತ್ತೇನೆ ಎಂದು ಬಟ್ಟೆ ಎತ್ತಿಕೊಂಡು ಹೋದವನು ಇವತ್ತಿನವರೆಗೆ ಬಂದಿಲ್ಲ.

ನಾನು ರಸ್ತೆ ದಾಟಿ ಹೋಗಿ, ಅಂಗಿ ಕೊಡು ಸರಿ ಮಾಡುತ್ತೇನೆ ಎಂದೆ. ಕಂತು ಕೊಟ್ಟರೆ ಗೋಡೆ ಸರಿ ಮಾಡುತ್ತೇನೆ ಎಂದ. ಮೊದಲು ಗೋಡೆ ಎಂದೆ. ಮೊದಲು ಅಂಗಿ ಎಂದ. ಮೇಲೆ ನೋಡಿದರೆ ಮೂಡುಮಲೆಯ ಕಡೆ ಮೋಡ ಕಪ್ಪಾಗುತ್ತಿತ್ತು. ಬಾಡಿಗೆ ಮನೆಯ ಯಜಮಾನರು ಒಂದೊಂದೇ ಹೊಸ ಕುರ್ಚಿ ತಂದು ನಮ್ಮ ಜಗಲಿಯಲ್ಲಿ ಇಟ್ಟು, ನೀವಿರುವಾಗ ಇರಲಿ, ತೊಂದರೆ ಇಲ್ಲ ಎಂದು ನಗುತ್ತಾ ಹೋಗುತ್ತಿದ್ದರು.

ಕೊನೆಗೆ ಹೆಂಡತಿ ನನ್ನನ್ನು ಕೇಳದೆ ಬಸ್ಸು ನಿಲ್ದಾಣಕ್ಕೆ ಹೋಗಿ ಮೇಸ್ತ್ರಿಯನ್ನು ಅಂಗಡಿಗೆ ಕರೆದುಕೊಂಡು ಬಂದಳು. ಕಂತಿನ ಹಣವನ್ನು ನನ್ನ ಮೇಜಿನಿಂದ ತೆಗೆದು ಸೆರಗಿಗೆ ಗಂಟು ಹಾಕಿದಳು.

"ಇದು ಇನ್ನು ನನ್ನ ಹತ್ರ ಇರ್ತದೆ. ಶುಭದಿನ ನೋಡುದು ಬೇಡ, ಗೋಡೆ ನೋಡಿ ಕೊಡುದು. ನಾಳೆ ಇಬ್ರೂ ಅಜ್ಜಾವರಕ್ಕೆ ಬರ್ಬೇಕು. ನೀನು ಗೋಡೆ ಬಿಚ್ಚು, ಇವರು ಅಂಗಿ ಬಿಚ್ಲಿ."

ಹಾಗೆ ನನ್ನ ಹೊಲಿಗೆ ಯಂತ್ರ ಜೀಪು ಹತ್ತಿ ಅಜ್ಜಾವರಕ್ಕೆ ಹೋಯಿತು. ಇನ್ನೂ ಮಾಡು ಏರದ ಅಡಿಗೆಕೋಣೆಯ ನಡುವೆ ಬಿಸಿಲಲ್ಲಿ ನಾನು ಕುಳಿತೆ. ಮೇಸ್ತ್ರಿ ಬರಿಮೈಯಲ್ಲಿ ಗೋಡೆ ಹತ್ತಿದ. ಅವನು ಒಂದು ವರಸೆ ಕಲ್ಲು ಇಳಿಸಿದರೆ ನಾನು ಒಂದು ಹೊಲಿಗೆ ಬಿಚ್ಚಬೇಕು. ನಾನು ಮುಂದೆ ಹೋದರೆ ಹೆಂಡತಿ ಕೈ ಎತ್ತಿ ನಿಲ್ಲಿಸುತ್ತಿದ್ದಳು, ಅವನು ಬೀಡಿಗೆ ಕುಳಿತರೆ ಸೆರಗಿನ ಗಂಟನ್ನು ಹಿಂದಕ್ಕೆ ಹಾಕುತ್ತಿದ್ದಳು. ಮತ್ತೆ ಕಟ್ಟುವಾಗಲೂ ಹಾಗೆಯೇ, ದಿನಗಟ್ಟಲೆ. ಪ್ರತಿ ವರಸೆಗೂ ಅವಳು ನನ್ನ ಕತ್ತರಿಯನ್ನು ನೂಲಿನಲ್ಲಿ ತೂಗಿಸಿ ನೋಡಿ, ಸರಿ ಇದ್ದರೆ ಗಂಟು ಬಿಚ್ಚಿ ಅಷ್ಟಕ್ಕೆ ಮಾತ್ರ ಹಣ ಕೊಟ್ಟಳು. ಎರಡು ಕಾಲಿನ ಕತ್ತರಿಯ ಬಗ್ಗೆ ಮೇಸ್ತ್ರಿ ಒಂದು ಮಾತೂ ಎತ್ತಲಿಲ್ಲ. ಊರಿನವರು ತೋಟದ ಕೆಲಸ ಬಿಟ್ಟು ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದರು. ಎಲ್ಲರನ್ನೂ ಮಂಗ ಮಾಡಿದ ನಾನು, ಒಂದೇ ಅಂಗಿಯ ಮುಂದೆ ಅಷ್ಟು ದಿನ ಕುಳಿತೆ.

ಹಂಚಿನ ಕೊನೆಯ ಸಾಲು ಕುಳಿತ ಸಂಜೆಯೇ ಮಳೆ ಬಂತು. ಪಡುವಣ ಗಾಳಿ ಗೋಡೆಗೆ ಬಡಿದು ಬಡಿದು ಸುಸ್ತಾಯಿತು. ಒಳಗೆ ಒಂದು ಹನಿ ಇಳಿಯಲಿಲ್ಲ.

ಒಕ್ಕಲಿನ ದಿನ ಹೆಂಡತಿ ಆ ಗೋಡೆಯ ಅಡಿಯಲ್ಲೇ ಒಲೆ ಹಚ್ಚಿ ಹಾಲು ಉಕ್ಕಿಸಿದಳು. ಮೇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಎರಡೂ ಹೆಗಲು ನೆಟ್ಟಗೆ, ನನ್ನ ಕೈಯ ಅತಿ ಒಳ್ಳೆಯ ಅಂಗಿ ಅದು, ಎಲ್ಲರೂ ನೋಡಲಿ ಎಂದು ನಾನೇ ಅವನನ್ನು ಮುಂದಿನ ಸಾಲಿಗೆ ತಳ್ಳಿದೆ. ಹೆಂಡತಿ ತಟ್ಟೆಯಲ್ಲಿ ಉಳಿದ ಕಂತು ಇಟ್ಟು ಕೊಟ್ಟಳು. ಅವನು ಕೈಮುಗಿದು ತೆಗೆದುಕೊಂಡು, ಸೊಂಟದಿಂದ ತೂಕದ ಗುಂಡು ತೆಗೆದ. ದಾರದ ತುದಿಯನ್ನು ತನ್ನ ಅಂಗಿಯ ಮೇಲಿನ ಗುಂಡಿಗೆ ಹಿಡಿದು ಗುಂಡನ್ನು ಇಳಿಬಿಟ್ಟು, ನಾನು ಹೊಲಿದ ಗುಂಡಿಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದ.

"ಅಕ್ಕ, ಇಲ್ಲಿ ನೋಡಿ. ಕೆಳಗೆ ಸ್ವಲ್ಪ ಡೊಂಕು ಉಂಟು."

ಗಾಳಿಗೆ ದಾರ ಆಡುತ್ತಿದೆ ಎಂದೆ ನಾನು.

ಹೆಂಡತಿ ಬಗ್ಗಿ ನೋಡಿದಳು. "ಗಾಳಿ ಎಲ್ಲಿ ಉಂಟು? ಹೊಲಿಗೆ ಬಿಚ್ಚಿ ಕೊಡಿ."