ಗುಡ್ಡದ ಗಂಗೆಯನ್ನು ಅವ್ವ ಹೊತ್ತ ದಿನ

ಮೊಳಕಾಲ್ಮೂರಿನ ಗುಡ್ಡದಲ್ಲಿ ನೀರು ಧುಮುಕುತ್ತದೆ ಎಂದರೆ ಜನ ನಗುತ್ತಾರೆ. ನಗಲಿ ಬಿಡಿ. ಮಳೆ ಚೆನ್ನಾಗಿ ಹಿಡಿದ ವರ್ಷ ನಮ್ಮೂರ ಹಿಂದಿನ ಬಂಡೆಗಳ ಸಂದಿಯಿಂದ ನೀರು ಬೀಳುವುದನ್ನು ನಾನು ಕಣ್ಣಾರೆ ಕಂಡವಳು. ದಾರಿ ದೂರವಿಲ್ಲ. ಅದನ್ನು ದಾರಿ ಅನ್ನುವುದೇ ದೊಡ್ಡ ಮಾತು. ಬಂಡೆಯಿಂದ ಬಂಡೆಗೆ ಕೈಯೂರಿ ಹತ್ತಬೇಕು, ಕಾರೆಮುಳ್ಳಿನಿಂದ ಸೀರೆ ಬಿಡಿಸಿಕೊಳ್ಳಬೇಕು, ಕರಡಿ ಇದ್ದೀತೆಂದು ಜೋರಾಗಿ ಮಾತಾಡುತ್ತಿರಬೇಕು. ಆ ಕೊನೆಯ ಕೆಲಸಕ್ಕೆ ನಮ್ಮ ಮನೆಯಲ್ಲಿ ನನ್ನನ್ನು ಬಿಟ್ಟರೆ ಇನ್ಯಾರೂ ಇರಲಿಲ್ಲ.

ಮೋಟಾರಿನ ಹೆಸರನ್ನೇ ಕೇಳದ ಕಾಲ ಅದು. ಅಕ್ಕ ಚಳ್ಳಕೆರೆಯ ಗಂಡನ ಮನೆಯಿಂದ ಎತ್ತಿನ ಗಾಡಿಯಲ್ಲಿ ಬಾಣಂತನಕ್ಕೆ ಬಂದಿದ್ದಳು. ಮೊದಲ ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟಿದ್ದಳು. ಇದು ಉಳಿಯಲಿ, ಗುಡ್ಡದ ಗಂಗೆಯನ್ನು ನಾನೇ ಹೋಗಿ ತುಂಬಿಕೊಂಡು ಬಂದು ತೊಟ್ಟಿಲಿಗೆ ಹಾಕುವ ದಿನ ಎರೆಸುತ್ತೇನೆ ಎಂದು ಹರಕೆ ಹೊತ್ತಿದ್ದಳು. ತುಂಬಿದ ಚೊಂಬು ಮನೆ ಸೇರುವವರೆಗೆ ನೆಲ ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ಹೋಗಿ ತುಂಬಬೇಕು.

ಗುಡ್ಡದ ದಾರಿ ಬಲ್ಲವಳು ಸೌದೆಗೆ ಹೋಗುತ್ತಿದ್ದ ಅವ್ವ ಒಬ್ಬಳೇ. ಆದರೆ ಅಪ್ಪ ತೀರಿಕೊಂಡ ಮೇಲೆ ಅವಳು ಶುಭಕಾರ್ಯದ ಯಾವುದನ್ನೂ ಮುಟ್ಟುತ್ತಿರಲಿಲ್ಲ. "ದಾರಿ ತೋರಿಸ್ತೀನಿ, ಗಂಗೆ ಪೂಜೆಗೆ ಮಾತ್ರ ನಾ ದೂರ ನಿಲ್ತೀನಿ ಕಣ್ರೇ" ಎಂದಳು. ಗಂಡುಕೂಸು ಹುಟ್ಟಿ ತೊಟ್ಟಿಲಿನ ದಿನ ಬಂದಾಗ ಮೂವರೂ ಗುಡ್ಡ ಹತ್ತಿದೆವು, ಅವ್ವ ಹಾಗೇ ಮಾಡಿದಳು. ನೀರು ಬಂಡೆಗೆ ಬಡಿದು ತುಂತುರಾಗಿ ಹಾರುತ್ತಿತ್ತು, ಕಲ್ಲೆಲ್ಲ ಪಾಚಿ. ಅಕ್ಕ ಗಂಗೆಗೆ ಅರಿಶಿನ ಕುಂಕುಮ ಏರಿಸಿ, ತಾಮ್ರದ ಚೊಂಬು ತುಂಬಿದಳು. ಅವ್ವ ಒಂದು ಕಲ್ಲಿನ ಮರೆಯಲ್ಲಿ ನಿಂತು ಕೈಮುಗಿದಳು.

ಇಳಿಯುವಾಗ ನಾನು ಮುಂದೆ, ನಡುವೆ ಅಕ್ಕ, ಹಿಂದೆ ಅವ್ವ. ಮೊದಲ ದೊಡ್ಡ ಬಂಡೆಯಲ್ಲೇ ಅಕ್ಕನ ಕಾಲು ಜಾರಿತು. "ಅವ್ವಾ, ಹಿಡಿ!" ಎಂದು ಚೊಂಬನ್ನು ಮೇಲಕ್ಕೆ ಚಾಚಿದಳು. ಅವ್ವನ ಕೈ ಮುಂದೆ ಬಂದದ್ದು ಹೌದು. ಇನ್ನೇನು ಹಿಡಿಯಬೇಕು, ಬೆಂಕಿ ಮುಟ್ಟಿದವಳಂತೆ ಹಿಂದಕ್ಕೆ ಎಳೆದುಕೊಂಡಳು. ಚೊಂಬು ಠಣಠಣ ಉರುಳಿ ನನ್ನ ಕಾಲ ಬಳಿ ಬಂದು ಬಿತ್ತು. ಅಕ್ಕ ಪಾದ ಹಿಡಿದುಕೊಂಡು ಕುಳಿತುಬಿಟ್ಟಳು.

ನನ್ನ ಬಾಯಿಗೆ ಬೀಗ ಎಲ್ಲಿಂದ ಬರಬೇಕು? "ಏನವ್ವಾ ನೀನು! ದಿನಾ ಬೆಳಿಗ್ಗೆ ಆ ಕೂಸಿಗೆ ಎರೆಯೋಳು ನೀನೇ ಅಲ್ವಾ? ಆ ನೀರಿಗಿಲ್ಲದ ದೋಷ ಈ ನೀರಿಗೆ ಹೆಂಗೆ ಬಂತು?"

"ಅದು ದಿನದ ನೀರು, ಇದು ಹರಕೇದು" ಎಂದಳು ಅವ್ವ. "ಈ ಕೂಸಿಗೂ ಏನಾರ ಆದ್ರೆ ನನ್ನ ಕೈಯಿಂದ್ಲೇ ಆತು ಅಂತಾರೆ. ಜನ ಅನ್ನೋದಿರ್ಲಿ, ನನಗೇ ಹಂಗೆ ಅನಿಸ್ತೈತೆ." ನಾನು ಚೊಂಬನ್ನು ಎತ್ತಿ ಅಕ್ಕನ ಕೈಗೆ ಕೊಟ್ಟೆ.

ಅಕ್ಕ ನೋವು ನುಂಗಿಕೊಂಡು ತೆವಳುತ್ತ ಮತ್ತೆ ನೀರಿನ ಬಳಿ ಹೋಗಿ ಚೊಂಬು ತುಂಬಿದಳು. ಪಾದ ಉಳುಕಿತ್ತು. ಇಳಿಯಲು ಅವಳಿಗೆ ನನ್ನ ಹೆಗಲೂ ಬೇಕು, ತನ್ನ ಎರಡು ಕೈಯೂ ಬೇಕು. ಚೊಂಬನ್ನು ಅವ್ವನ ಮುಂದೆ ಹಿಡಿದಳು. ಅವ್ವ ತಲೆ ಅಲ್ಲಾಡಿಸಿದಳು.

"ಹೋದ ಎರಡು ಕೂಸಿಗೂ ಮುತ್ತೈದೇರೇ ನೀರು ತಂದಿದ್ರು ಕಣವ್ವಾ" ಎಂದಳು ಅಕ್ಕ. "ನೀ ಹಿಡಿ."

ಅವ್ವ ಹಿಡಿದಳು. ಆ ದಾರಿಯಲ್ಲಿ ಅವಳು ಇಳಿದ ರೀತಿ ನೋಡಬೇಕಿತ್ತು! ಚೊಂಬನ್ನು ಎದೆಗವಚಿಕೊಂಡು, ಬರಿಗಾಲಲ್ಲಿ ಕಲ್ಲು ತಡವಿ, ಒಂದು ಹನಿ ತುಳುಕಿಸದೆ ಇಳಿದಳು. ನಾವಿಬ್ಬರು ಕುಂಟುತ್ತ ಹಿಂದೆ ಬಂದೆವು. ಸೀತಾಫಲದ ಗಿಡಗಳ ನಡುವೆ ಗಾಳಿ ತಂಪಾಗಿತ್ತು.

ಬಾಗಿಲಲ್ಲಿ ಅಕ್ಕನ ಅತ್ತೆ ಆರತಿ ತಟ್ಟೆ ಹಿಡಿದು ಕಾಯುತ್ತಿದ್ದರು, ಸುತ್ತ ಕೇರಿಯ ಹೆಂಗಸರು. ಅವರ ಕಣ್ಣೆಲ್ಲ ಅವ್ವನ ಕೈ ಮೇಲೆ. "ಇದೇನ್ರೀ ಬೀಗ್ತಿ, ಚೊಂಬು ನಿಮ್ಮ ಕೈಯಾಗೆ?" ಎಂದರು ಅತ್ತೆ.

ಅಕ್ಕನ ಕಾಲು ಉಳುಕಿದ ಕತೆ ಹೇಳಿ ಪಾರಾಗೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವನೇ ಹೇಳಿದಳು, "ನಾನೇ ಹೊತ್ತು ತಂದೆ ಕಣ್ರಿ. ಕೂಸನ್ನ ಕೊಡ್ರಿ, ನಾನೇ ಎರೀತೀನಿ."

ಅತ್ತೆ ಅಕ್ಕನ ಮುಖ ನೋಡಿದರು. ಅಕ್ಕ ಕಣ್ಣು ತಗ್ಗಿಸಲಿಲ್ಲ. ಅತ್ತೆ ತಟ್ಟೆಯನ್ನು ಪಕ್ಕದವರಿಗೆ ಕೊಟ್ಟು ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದರು.

ಅವ್ವ ಬಚ್ಚಲಲ್ಲಿ ಕಾಲು ನೀಡಿ ಕುಳಿತು ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡಳು. ಗಂಗೆಯನ್ನು ಹಂಡೆಯ ಬಿಸಿನೀರಿಗೆ ಬೆರೆಸಿ, ಮೊದಲ ಬೊಗಸೆಯನ್ನು ನೆತ್ತಿಗೆ ಹಾಕುತ್ತ, ನಮಗಷ್ಟೇ ಕೇಳುವಂತೆ ಅಂದಳು: "ಬದುಕಪ್ಪಾ. ನನ್ನ ಕೈಗೆ ಕೆಟ್ಟ ಹೆಸರು ತರಬ್ಯಾಡ."