ಕೈ ಇಟ್ಟು ನೋಡದೆ ಫಾರ್ಮ್ಯಾಟ್ ಹೊಡೆಯುವವರು

ಹೋದ ವಾರ ಬಾಗಲಕೋಟೆ ಬಸ್ಸಿನಲ್ಲಿ ಕಂಡಕ್ಟರ್ ನನ್ನ ತೊಡೆಯ ಮೇಲಿದ್ದ ಗಂಟು ನೋಡಿ 'ಇದಕ್ಕೂ ಟಿಕೆಟ್ ತಗೋಬೇಕ್ರಿ' ಅಂದ. ತಗೊಂಡೆ. ಹುನಗುಂದದಲ್ಲಿ ಹತ್ತಿದ ಒಬ್ಬ ಮುದುಕಿ ಪಕ್ಕದಲ್ಲಿ ಕೂತು, ಗಂಟಿನ ಮೇಲಿನ ಸೀರೆ ಸವರಿ, 'ಕೂಸಿಗೆ ಆರಾಮಿಲ್ಲೇನಪಾ?' ಅಂತ ಕೇಳಿದಳು.

ಕೂಸಲ್ಲ, ಕಂಪ್ಯೂಟರ್. ಆದರೆ ಆರಾಮಿರಲಿಲ್ಲ, ಅದು ಖರೆ.

ರೋಗ ಏನು ಅಂತ ಹೇಳುತ್ತೇನೆ. ನನಗೆ ಕಾರ್ ರೇಸಿನ ಗೇಮ್ ಹುಚ್ಚು. ದಿನವಿಡೀ ಇಳಕಲ್ಲಿನ ಕಲ್ಲಿನ ಫ್ಯಾಕ್ಟರಿಯಲ್ಲಿ ಗ್ರಾನೈಟ್ ಪಾಲಿಶ್ ಮಾಡುವವನಿಗೆ ಸಂಜೆ ಒಂದು ತಾಸು ಜೋರಾಗಿ ಕಾರು ಓಡಿಸಬೇಕು ಅನಿಸಿದರೆ ತಪ್ಪಾ? ಅದಕ್ಕೇ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದೆ. ಗೇಮಿನ ಚಿತ್ರ ಮೂಡಿಸುವ ಹಲಗೆ ಅದು. ಕೆಲಸ ಮಾಡಿದಷ್ಟೂ ಕಾಯುತ್ತದೆ. ಕಾಯಬಾರದು ಅಂತ ಅದರ ಮೇಲೆ ಬಿಸ್ಕೀಟಿನಷ್ಟು ಒಂದು ಫ್ಯಾನ್ ಇರುತ್ತದೆ.

ನಾಲ್ಕು ತಿಂಗಳು ಚಲೋ ಓಡಿತು. ಆಮೇಲೆ ಮೂರನೇ ಸುತ್ತಿಗೆ ಬಂದ ಕೂಡಲೇ ಪರದೆಯ ತುಂಬ ಹಸಿರು, ಕೆಂಪು ಗೆರೆ. ಕಾರು ಇಲ್ಲ, ರಸ್ತೆ ಇಲ್ಲ. ಎಲ್ಲಾ ಬಂದ್.

ನಾನು ಯಾರ ಮೇಲೆ ಹರಿಹಾಯ್ದೆ? ಅಕ್ಕನ ಮೇಲೆ.

ಅಕ್ಕ ನೇಯುತ್ತಾಳೆ. ಮಗ್ಗ ಇರುವುದೂ ಕಂಪ್ಯೂಟರ್ ಇರುವುದೂ ಒಂದೇ ಕೋಣೆಯಲ್ಲಿ. (ನಮ್ಮ ಓಣಿಯಲ್ಲಿ ಮಗ್ಗಕ್ಕೆ ಜಾಗ ಬಿಟ್ಟು ಉಳಿದದ್ದರಲ್ಲಿ ಮನುಷ್ಯರು ಇರುತ್ತಾರೆ.)

'ನಿನ್ನ ಮಗ್ಗದ ನೂಲಿನ ಧೂಳ ಒಳಗ ಹೊಕ್ಕೈತಿ, ಅದಕ್ಕ ಹಿಂಗಾಗೈತಿ' ಅಂದೆ.

'ಹಂಗಂದ್ರ ಹೊಚ್ಚಿಡೋ. ನಾ ಮಗ್ಗಕ್ಕ ಹೊಚ್ಚೂದಿಲ್ಲೇನು?' ಅಂದಳು.

ಹೌದಲ್ಲ. ನೇಯ್ಗೆ ನಿಲ್ಲಿಸಿದಾಗ ಮಗ್ಗಕ್ಕೆ ಬಿಗಿದ ಹಾಸಿನ ನೂಲಿನ ಮೇಲೆ ಧೂಳು ಬೀಳಬಾರದು ಅಂತ ಬಟ್ಟೆ ಹೊಚ್ಚುವುದು ನಮ್ಮ ಮನೆಯಲ್ಲಿ ಅಜ್ಜನ ಕಾಲದ ಪದ್ಧತಿ. ಹಳೇ ಸೀರೆ ನಾಲ್ಕು ಮಡಿಕೆ ಮಾಡಿ ಕಂಪ್ಯೂಟರಿನ ಡಬ್ಬಿಯ ಸುತ್ತ ಬಿಗಿಯಾಗಿ ಸುತ್ತಿದೆ. ಸುತ್ತಿಟ್ಟೇ ಆಡಿದೆ. ನಿಂತ ಮಗ್ಗಕ್ಕೆ ಹೊಚ್ಚುತ್ತಾರೆ, ಓಡುವ ಮಷೀನಿಗಲ್ಲ ಅನ್ನುವಷ್ಟು ಬುದ್ಧಿ ನನಗೆ ಹೊಳೆಯಲಿಲ್ಲ. ಈಗ ಮೂರನೇ ಸುತ್ತೂ ಇಲ್ಲ. ಮೊದಲನೇ ತಿರುವಿಗೇ ಗೆರೆ.

ಫ್ಯಾಕ್ಟರಿಗೆ ರಜೆ ಹಾಕಿ, ಸೀರೆ ಸಮೇತ ಡಬ್ಬಿ ಎತ್ತಿಕೊಂಡು ಬಸ್ ಹತ್ತಿದ್ದು ಆಗ.

ಬಾಗಲಕೋಟೆಯ ಅಂಗಡಿಯವನು ತಿರುಗುವ ಕುರ್ಚಿಯಲ್ಲಿ ಕೂತಿದ್ದ. ಡಬ್ಬಿ ಬಿಚ್ಚಲಿಲ್ಲ. ಕೈ ಇಟ್ಟು ನೋಡಲೂ ಇಲ್ಲ. ವೈರ್ ಚುಚ್ಚಿ, ಚಾಲೂ ಮಾಡಿ, ಹಲ್ಲು ಚುಚ್ಚಿಕೊಳ್ಳುತ್ತ ಹೇಳಿದ:

'ವೈರಸ್ ಐತ್ರಿ. ಗೇಮ್ ಆಡಿದ್ರ ಬರ್ತಾವು. ಫಾರ್ಮ್ಯಾಟ್ ಹೊಡಿಬೇಕು.'

ಇದೇನು ಮಾತು ನೋಡಿ. ಕಂಪ್ಯೂಟರ್ ನಿಧಾನ ಅಂದರೆ ಫಾರ್ಮ್ಯಾಟ್. ಸೌಂಡ್ ಬರಲಿಲ್ಲ ಅಂದರೆ ಫಾರ್ಮ್ಯಾಟ್. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೂ ಫಾರ್ಮ್ಯಾಟ್. ಕೆಲವು ದವಾಖಾನೆಗಳಲ್ಲಿ ಬಾಗಿಲ ಒಳಗೆ ಕಾಲಿಡುವಷ್ಟರಲ್ಲಿ ಸೂಜಿ ತಯಾರಿರುತ್ತದಲ್ಲ, ಹಾಗೆ. ನಾಡಿ ಹಿಡಿಯುವುದಿಲ್ಲ, ನಾಲಿಗೆ ನೋಡುವುದಿಲ್ಲ. ಆರಾಮಾದರೆ ಅವರ ಕೈಗುಣ. ಆಗದಿದ್ದರೆ ನಮ್ಮ ನಡತೆ ಸರಿ ಇಲ್ಲ.

ಆದರೂ ಆತ ಒಂದು ಮಾತು ಕೇಳಿದ. ಅದನ್ನು ಮುಚ್ಚಿಡುವುದಿಲ್ಲ.

'ಒಳಗ ಏನರ ಬೇಕಾದ್ದು ಐತೇನ್ರಿ? ಎಲ್ಲಾ ಅಳಿಸಿ ಹೋಗತೈತಿ ಮತ್ತ.'

'ಏನಿಲ್ರಿ. ಗೇಮ್ ಅದಾವು, ಅವುಗಳ ಸೀಡಿ ಮನ್ಯಾಗ ಅದಾವು. ಹೊಡೀರಿ' ಅಂದೆ.

ಹೊಡೆದ. ಆಮೇಲೆ ತನ್ನ ಹತ್ತಿರ ಇದ್ದ ಒಂದು ಗೇಮ್ ಹಾಕಿ ಐದು ನಿಮಿಷ ಓಡಿಸಿ ತೋರಿಸಿದ. ಗೆರೆ ಬರಲಿಲ್ಲ. (ಬಸ್ಸಿನಲ್ಲಿ ಎರಡು ತಾಸು ಬಂದ್ ಇತ್ತು, ಅಂಗಡಿಯಲ್ಲಿ ಸೀರೆ ಬಿಚ್ಚಿದ್ದೆ, ತಣ್ಣಗಾಗಿತ್ತು. ಬರುವುದಾದರೂ ಹೇಗೆ?) 'ನೋಡ್ರಿ, ಹೆಂಗ ಓಡಾಕತ್ತೈತಿ' ಅಂದ. ನಾನು ಥ್ಯಾಂಕ್ಸ್ ಬೇರೆ ಹೇಳಿ ಬಂದೆ.

ಮನೆಗೆ ಬಂದು ಡಬ್ಬಿ ಜೋಡಿಸಿದೆ. ಅಕ್ಕ ಕೈ ತೊಳೆದುಕೊಂಡು ಬಂದು ಕೂತಳು. ಸ್ವಲ್ಪ ಹೊತ್ತು ಮೌಸ್ ಆಡಿಸಿದಳು.

'ತಮ್ಮಾ, ನನ್ನ ಫೋಲ್ಡರ್ ಎಲ್ಲೈತೋ?'

ಆಗ ನೆನಪಾಯಿತು ನನಗೆ.

ಅಕ್ಕ ಒಂದು ವರ್ಷದಿಂದ ಆ ಕಂಪ್ಯೂಟರಿನಲ್ಲಿ ಕಸೂತಿ ಬರೆಯುತ್ತಿದ್ದಳು. ಓಣಿಯ ಮುದುಕಿಯರ ಮನೆಗೆ ಹೋಗಿ, ಅವರ ಮದುವೆಯ ಕಾಲದ ಸೀರೆ ಒಂದು ದಿನದ ಮಟ್ಟಿಗೆ ಬೇಡಿ ತಂದು, ಎಳೆ ಎಣಿಸಿ, ಪರದೆಯ ಮೇಲೆ ಚೌಕಕ್ಕೆ ಚೌಕ ಕೂಡಿಸುತ್ತಿದ್ದಳು. ಒಂದು ಚೌಕ ಅಂದರೆ ಒಂದು ಹೊಲಿಗೆ. ಗೋಪುರ, ಆನೆ, ತುಳಸಿಕಟ್ಟೆ. ಒಂದೊಂದಕ್ಕೆ ಒಂದೊಂದು ವಾರ ಹಿಡಿಯುತ್ತಿತ್ತು. ನಾನು ಗೇಮಿಗೆ ಕೂರುವ ಮುಂಚೆ 'ಏಳು, ಸಾಕು ನಿನ್ನ ಚುಕ್ಕಿ ಆಟ' ಅಂತ ಎಬ್ಬಿಸುತ್ತಿದ್ದೆ. ಆಟ ಅಂದದ್ದು ನೋಡಿ. ನಾನು ಆಡುತ್ತಿದ್ದದ್ದು ಏನು, ಉದ್ಯೋಗವಾ?

ಅಂಗಡಿಗೆ ಫೋನ್ ಮಾಡಿದೆ. 'ಹೋದದ್ದು ಹೋತ್ರಿ. ನಾ ಕೇಳಿದ್ನಲ್ಲ' ಅಂದ. ಹೌದು, ಕೇಳಿದ್ದ.

ಇಷ್ಟಾದರೂ ರೋಗ ಹೋಗಿರಲಿಲ್ಲ. ಮರುದಿನ ಸೀಡಿಯಿಂದ ಗೇಮ್ ಹಾಕಿದೆ, ಅದೇ ಗೆರೆ ಮತ್ತೆ ಬಂತು. ಸಿಟ್ಟಿನಲ್ಲಿ ಡಬ್ಬಿ ಎತ್ತಿಕೊಂಡು ಬಸ್ ಸ್ಟ್ಯಾಂಡ್ ಹತ್ತಿರ ಮೋಟರ್ ರಿವೈಂಡಿಂಗ್ ಮಾಡುವ ಗೆಳೆಯ ಮೆಹಬೂಬನ ಅಂಗಡಿಗೆ ಹೋಗಿ, ಅಕ್ಕನ ಮಗ್ಗದ ಧೂಳು ಹೊಕ್ಕಿದೆ ಅಂತ ಹೇಳಿದೆ. ಆತ ಜನ್ಮದಲ್ಲಿ ಗ್ರಾಫಿಕ್ಸ್ ಕಾರ್ಡ್ ನೋಡಿದವನಲ್ಲ.

'ಚಾಲೂ ಮಾಡ್ಲೇ' ಅಂದ. ಪಕ್ಕದ ತಗಡು ಬಿಚ್ಚಿದ. ಹತ್ತು ನಿಮಿಷ ಓಡಲು ಬಿಟ್ಟ. ಬಂದ್ ಮಾಡಿ ಕಾರ್ಡಿನ ಮೇಲೆ ಬೆರಳಿಟ್ಟು, ಪಟ್ಟನೆ ಹಿಂದಕ್ಕೆ ಎಳೆದುಕೊಂಡ.

'ಹಂಚು ಕಾದಂಗ ಕಾದೈತಲೇ. ಫ್ಯಾನ್ ತಿರಗವಲ್ದು. ನೀ ಮುಟ್ಟಿ ನೋಡಿದ್ದೇನು?'

'ಇಲ್ಲ.'

'ಫ್ಯಾಕ್ಟರ್ಯಾಗ ಮೋಟರ್ ಮ್ಯಾಗ ಕೈ ಇಡದ ಪಾಲಿಶ್ ಮಾಡ್ತೀಯೇನು?'

ಮಾಡುವುದಿಲ್ಲ. ಯಾರೂ ಮಾಡುವುದಿಲ್ಲ. ತಾಸಿಗೊಮ್ಮೆ ಮೋಟರಿನ ಮೇಲೆ ಅಂಗೈ ಇಡುತ್ತೇವೆ. ಕೈ ತಾಳದಿದ್ದರೆ ಬಂದ್ ಮಾಡುತ್ತೇವೆ. ಓದು ಬರಹ ಬಾರದವರೂ ಮೊದಲ ದಿನವೇ ಕಲಿಯುವ ಪಾಠ ಅದು. ಕಂಪ್ಯೂಟರ್ ಅಂದ ಕೂಡಲೇ ಕೈಗೆ ಏನಾಗಿತ್ತು ನನಗೆ? ಇಂಗ್ಲಿಷ್ ಬಲ್ಲವರೇ ಮುಟ್ಟಬೇಕು ಅಂತ ಯಾರು ಹೇಳಿದ್ದರು?

ಮೆಹಬೂಬ ಹಲ್ಲುಜ್ಜುವ ಬ್ರಶ್ಶಿನಿಂದ ಫ್ಯಾನ್ ಕೆರೆದು ಹಾಳೆಯ ಮೇಲೆ ಉದುರಿಸಿದ.

'ಅಕ್ಕನ ಮಗ್ಗದ ಧೂಳ ಅಂದೀ. ನೂಲಿನ ಎಳಿ ತೋರ್ಸು ಇದರಾಗ.'

ಇರಲಿಲ್ಲ. ಕೆಂಪಿಲ್ಲ, ಹಸಿರಿಲ್ಲ. ಬೂದು ಬಣ್ಣದ ನುಣ್ಣನೆ ಹಿಟ್ಟು. ಗಂಟುಗಟ್ಟಿ ಫ್ಯಾನಿನ ಬುಡ ಹಿಡಿದಿತ್ತು. ಕಲ್ಲಿನ ಪುಡಿ. ಫ್ಯಾಕ್ಟರಿಯಿಂದ ಬಂದವನು ಅಂಗಿ ಕೂಡ ಬದಲಿಸದೆ ಆಟಕ್ಕೆ ಕೂರುತ್ತಿದ್ದೆ. ಪ್ಯಾಂಟ್ ಕೊಡವುತ್ತಿದ್ದೆ. ಡಬ್ಬಿ ಇದ್ದದ್ದು ಕಾಲ ಬುಡದಲ್ಲೇ.

'ಇದು ನಿನ್ನ ಮೈಯಾಂದು' ಅಂದ ಮೆಹಬೂಬ. ನಗಲಿಲ್ಲ. ಒಂದು ಹನಿ ಮಷೀನ್ ಎಣ್ಣೆ ಬಿಟ್ಟ. ಫ್ಯಾನ್ ತಿರುಗಿತು.

ಇಷ್ಟೇ. ಒಂದು ಬ್ರಶ್ಶು, ಒಂದು ಹನಿ ಎಣ್ಣೆ. ಇದಕ್ಕೆ ಒಂದು ವರ್ಷದ ಕೆಲಸ ಅಳಿಸಬೇಕಿತ್ತಾ?

ಅಂಗಡಿಯವನ ಮೇಲೆ ನನಗೆ ಇನ್ನೂ ಸಿಟ್ಟಿದೆ, ಇರುತ್ತದೆ. ತಗಡಿನ ನಾಲ್ಕು ಸ್ಕ್ರೂ ಬಿಚ್ಚಲು ಬೇಸರಪಡುವವನು ಆ ಕುರ್ಚಿಯಲ್ಲಿ ಯಾಕೆ ಕೂರಬೇಕು? ಆದರೆ ಅವನಿಗೆ ಅಕ್ಕ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದಳಲ್ಲ?

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಮತ್ತೆ ಸೀರೆ ಬೇಡಲು ಮನೆ ಮನೆಗೆ ಹೋದಳು. ನಾಲ್ಕು ಸೀರೆ ಸಿಕ್ಕವು. ಮೂಲೆಮನೆಯ ಆಯಿಯ ಸೀರೆ ಸಿಗಲಿಲ್ಲ, ಅದನ್ನು ಹರಿದು ಹೊದೆಯುವ ಕೌದಿ ಹೊಲಿದುಬಿಟ್ಟಿದ್ದಾರಂತೆ. ಅದರಲ್ಲಿದ್ದ ಆನೆ ಸಾಲು ಬೇರೆ ಯಾರ ಸೀರೆಯಲ್ಲೂ ಇಲ್ಲ. ಅಕ್ಕನಿಗೆ ಅರ್ಧ ನೆನಪಿದೆ, ಅರ್ಧ ಇಲ್ಲ.

'ಫೋನ್ ಮಾಡಿ ನನಗೊಂದ ಮಾತ ಕೇಳಬೇಕಿತ್ತಲ್ಲೋ' ಅಂದಳು.

'ಅದರಾಗ ನಿಂದು ಐತಿ ಅನ್ನೂದ ನೆನಪಾಗಲಿಲ್ಲಕ್ಕಾ.'

'ದಿನಾ ನನ್ನ ಎಬ್ಬಿಸೇ ಕುಂದ್ರತಿದ್ಯಲ್ಲ?'